ಹಲ್ಲಿನ ದೊಡ್ಡ ಖರ್ಚಿಗೆ ದುಡ್ಡು ಹೊಂದಿಸುವುದು ಹೇಗೆ? ಬಾಗಲಕೋಟೆ ಸುತ್ತಮುತ್ತಲಿನವರಿಗೆ ಸಮಗ್ರ ಮಾರ್ಗದರ್ಶಿ

ಜಮಖಂಡಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಸಾಲದ ಅರ್ಜಿ ನೋಡುವುದು ನನ್ನ ಕೆಲಸ. ಅರ್ಜಿಯಲ್ಲಿ 'ಸಾಲದ ಉದ್ದೇಶ' ಅಂತ ಒಂದು ಗೆರೆ ಇರುತ್ತದೆ. ಮಗಳ ಮದುವೆ, ಎಮ್ಮೆ ಖರೀದಿ, ಬೋರ್‌ವೆಲ್, ಮನೆ ರಿಪೇರಿ ಅಂತ ಬರೆಯುವವರೇ ಜಾಸ್ತಿ. ಈಚೆಗೆ ಆ ಗೆರೆಯ ಮೇಲೆ 'ಹಲ್ಲಿನ ದವಾಖಾನೆ ಖರ್ಚು' ಅಂತಲೂ ಕಾಣುತ್ತದೆ. ಹಾಗೆ ಬಂದವರಿಗೆ ಎಷ್ಟು ಸಾಲ ಬೇಕು ಅಂತ ನಾನು ಮೊದಲು ಕೇಳುವುದಿಲ್ಲ. ಡಾಕ್ಟರು ಬರೆದುಕೊಟ್ಟ ಚೀಟಿ ತೋರಿಸಿ ಅನ್ನುತ್ತೇನೆ.

ಇದನ್ನು ನಾನು ಕಲಿತದ್ದು ನಮ್ಮ ಅವ್ವನಿಂದ. ದವಡೆ ನೋವು ಅಂತ ಅವಳನ್ನು ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಎಲ್ಲ ನೋಡಿ ಒಂದು ಸಣ್ಣ ಚೀಟಿಯಲ್ಲಿ ಒಟ್ಟು ಮೊತ್ತ ಬರೆದುಕೊಟ್ಟರು: 1,38,000 ರೂಪಾಯಿ. ಅವ್ವ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿ ಇಟ್ಟುಕೊಂಡಳು. "ಇಷ್ಟ ರೊಕ್ಕ ಎಲ್ಲಿಂದ ತರೂದು? ಲವಂಗ ಇಟಗೊಂಡ ಇರತೀನಿ ಬಿಡು" ಅಂದಳು. ಮೂರು ತಿಂಗಳು ಹಾಗೇ ಇದ್ದಳು. ಅಷ್ಟರಲ್ಲಿ ಗಲ್ಲ ಬಾತು ಜ್ವರ ಬಂತು. ಕೊನೆಗೆ ಅದೇ ಚೀಟಿಯ ಕೆಲಸ ಬಿಡಿಸಿ ನೋಡಿದಾಗ ತಕ್ಷಣ ಆಗಲೇಬೇಕಿದ್ದದ್ದು ಒಂದು ರೂಟ್ ಕೆನಾಲ್ (ಹಲ್ಲಿನ ಒಳಗಿನ ಕೆಟ್ಟ ನರ ತೆಗೆದು ನಾಳ ತುಂಬುವುದು) ಮತ್ತು ಒಂದು ಹಲ್ಲು ಕೀಳುವುದು, ಅಷ್ಟೇ. ಉಳಿದದ್ದಕ್ಕೆ ಕಾಯುವ ಸಮಯ ಇತ್ತು, ಬೇರೆ ದಾರಿಯೂ ಇತ್ತು. ಎಲ್ಲ ಮುಗಿಯುವಾಗ ನಮಗೆ ಆದ ಖರ್ಚು 31,000 ರೂಪಾಯಿ.

ಚೀಟಿ ಕೊಟ್ಟ ಡಾಕ್ಟರು ತಪ್ಪು ಮಾಡಿದ್ದರು ಅಂತ ಅಲ್ಲ. ಅವರು ಬಾಯಲ್ಲಿ ಇರುವ ಎಲ್ಲದಕ್ಕೂ ಅತ್ಯುತ್ತಮ ಪರಿಹಾರ ಬರೆದಿದ್ದರು. ಅದನ್ನು ಬಿಡಿಸಿ ಕೇಳುವುದು ನಮಗೆ ಗೊತ್ತಿರಲಿಲ್ಲ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಸಾಲದ ಮಾತು ಕೊನೆಗೆ ಬರುತ್ತದೆ.

ಹಂತ 1: ಚೀಟಿಯನ್ನು ಹಲ್ಲು ಹಲ್ಲಾಗಿ ಬಿಡಿಸಿಕೊಳ್ಳಿ

ಒಟ್ಟು ಮೊತ್ತದ ಚೀಟಿಯಿಂದ ಏನೂ ನಿರ್ಧಾರ ಮಾಡಲು ಆಗುವುದಿಲ್ಲ. ಡಾಕ್ಟರ ಹತ್ತಿರ ಒಂದು ಪಟ್ಟಿ ಕೇಳಿ. ಯಾವ ಹಲ್ಲು, ಏನು ಕೆಲಸ, ಯಾವ ವಸ್ತು, ಎಷ್ಟು ದುಡ್ಡು, ಎಷ್ಟು ದಿನ ಕಾಯಬಹುದು, ಈ ಐದು ವಿಷಯ ಅದರಲ್ಲಿ ಇರಬೇಕು. ಹಲ್ಲಿನ ಡಾಕ್ಟರು ಪ್ರತಿ ಹಲ್ಲಿಗೆ ಎರಡು ಅಂಕಿಯ ನಂಬರು ಬರೆಯುತ್ತಾರೆ. 36 ಅಂದರೆ ಕೆಳಗಡೆ ಎಡಭಾಗದ ಮೊದಲ ದೊಡ್ಡ ದವಡೆ ಹಲ್ಲು. 46 ಅಂದರೆ ಬಲಭಾಗದಲ್ಲಿ ಅದೇ ಹಲ್ಲು. ಈ ನಂಬರು ಇದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸುವಾಗ ಗೊಂದಲ ಆಗುವುದಿಲ್ಲ. ಎಕ್ಸ್-ರೇ ಪ್ರತಿಯನ್ನೂ ಕೇಳಿ ಪಡೆಯಿರಿ. ನೀವು ದುಡ್ಡು ಕೊಟ್ಟು ತೆಗೆಸಿದ್ದು ಅದು. ಇಲ್ಲದಿದ್ದರೆ ಮುಂದಿನ ಕಡೆ ಮತ್ತೆ ತೆಗೆಸಬೇಕಾಗುತ್ತದೆ.

ಆಮೇಲೆ ಪಟ್ಟಿಯನ್ನು ಮೂರು ಗುಂಪು ಮಾಡಿ. ಇದನ್ನು ಡಾಕ್ಟರ ಎದುರಿಗೇ ಕೂತು ಮಾಡಿ, ಮನೆಗೆ ಬಂದು ಅಂದಾಜಿನ ಮೇಲೆ ಬೇಡ.

ಮೊದಲ ಗುಂಪು ಈಗಲೇ ಆಗಬೇಕಾದದ್ದು. ರಾತ್ರಿ ನಿದ್ದೆ ಕೆಡಿಸುವ ನೋವು, ಕೀವು, ಬಾವು, ಅಲುಗಾಡಿ ನೋಯುವ ಹಲ್ಲು ಇದರಲ್ಲಿ ಬರುತ್ತವೆ. ಬಾವು ಕಣ್ಣಿನ ಕಡೆಗೋ ಕುತ್ತಿಗೆ ಕಡೆಗೋ ಹರಡುತ್ತಿದ್ದರೆ, ಜ್ವರ ಇದ್ದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ ಆದರೆ ದುಡ್ಡಿನ ಲೆಕ್ಕ ಬಿಟ್ಟು ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದರೆ ಉಸಿರಿಗೇ ತೊಂದರೆ ಆಗುತ್ತದೆ.

ಎರಡನೆಯದು ಒಂದೆರಡು ತಿಂಗಳಲ್ಲಿ ಆಗಬೇಕಾದದ್ದು. ನೋವಿಲ್ಲದ ಹುಳುಕು, ವಸಡಿನ ಕ್ಲೀನಿಂಗ್, ರೂಟ್ ಕೆನಾಲ್ ಆದ ಹಲ್ಲಿಗೆ ಕ್ಯಾಪ್, ಅಂದರೆ ಹಲ್ಲಿನ ಮೇಲೆ ಕೂರಿಸುವ ಗಟ್ಟಿ ಹೊದಿಕೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ರೂಟ್ ಕೆನಾಲ್ ಮಾಡಿಸಿ ನೋವು ಹೋಯಿತು ಅಂತ ಕ್ಯಾಪ್ ಹಾಕಿಸದೆ ಬಿಡುವವರು ತುಂಬ ಜನ. ದವಡೆ ಹಲ್ಲು ಒಳಗೆ ಟೊಳ್ಳಾಗಿರುತ್ತದೆ. ಒಂದು ದಿನ ಕಡಕ್ ರೊಟ್ಟಿ ಅಗಿಯುವಾಗ ಸೀಳಿಹೋಗುತ್ತದೆ. ಆಗ ಕೊಟ್ಟ ದುಡ್ಡೂ ಹೋಯಿತು, ಹಲ್ಲೂ ಹೋಯಿತು.

ಮೂರನೆಯದು ಕಾಯಬಹುದಾದದ್ದು. ಹಳೆಯ ಖಾಲಿ ಜಾಗಕ್ಕೆ ಇಂಪ್ಲಾಂಟ್ (ಎಲುಬಿನಲ್ಲಿ ಸ್ಕ್ರೂ ಕೂರಿಸಿ ಅದರ ಮೇಲೆ ಹಾಕುವ ಹಲ್ಲು), ಹಲ್ಲು ಬೆಳ್ಳಗೆ ಮಾಡಿಸುವುದು, ಅಂದಕ್ಕಾಗಿ ತಂತಿ ಹಾಕಿಸುವುದು. ನಮ್ಮ ಬಾಗಲಕೋಟೆ, ವಿಜಯಪುರದ ಕೆಲವು ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅಲ್ಲಿ ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ ಇರುತ್ತದೆ. ಬರೀ ಕಲೆ ಇದ್ದು ಹಲ್ಲು ಗಟ್ಟಿ ಇದ್ದರೆ ಅದಕ್ಕೆ ಅವಸರ ಇಲ್ಲ.

ಹಂತ 2: ಅದೇ ಕೆಲಸಕ್ಕೆ ಕಡಿಮೆ ಖರ್ಚಿನ ದಾರಿ ಇದೆಯಾ ಕೇಳಿ

ಹೋದ ಹಲ್ಲಿನ ಜಾಗ ತುಂಬಲು ಮೂರು ದಾರಿ ಇವೆ. ತೆಗೆದು ಹಾಕುವ ಸೆಟ್ ಎಲ್ಲಕ್ಕಿಂತ ಅಗ್ಗ. ಅಕ್ಕಪಕ್ಕದ ಹಲ್ಲಿನ ಆಸರೆಯಲ್ಲಿ ಕಾಯಂ ಕೂರಿಸುವ ಬ್ರಿಡ್ಜ್ ನಡುವಿನದು, ಆದರೆ ಅದಕ್ಕೆ ಅಕ್ಕಪಕ್ಕದ ಒಳ್ಳೆಯ ಹಲ್ಲುಗಳನ್ನು ತೇಯಬೇಕು. ಇಂಪ್ಲಾಂಟ್ ದುಬಾರಿ, ಪಕ್ಕದ ಹಲ್ಲಿಗೆ ಕೈ ಹಚ್ಚುವುದಿಲ್ಲ. ಅವ್ವನಿಗೆ ಎರಡು ಇಂಪ್ಲಾಂಟ್ ಬರೆದಿದ್ದರು. ನಾವು ಸದ್ಯಕ್ಕೆ ತೆಗೆದು ಹಾಕುವ ಸೆಟ್ ಮಾಡಿಸಿದೆವು. ಮುಂದೆ ಕೈಯಲ್ಲಿ ದುಡ್ಡು ಬಂದರೆ ಇಂಪ್ಲಾಂಟ್ ಹಾಕಿಸಲು ಏನೂ ಅಡ್ಡಿ ಇಲ್ಲ. ಆದರೆ ವರ್ಷಗಟ್ಟಲೆ ಬಿಟ್ಟರೆ ಅಲ್ಲಿನ ಎಲುಬು ಸವೆಯುತ್ತದೆ, ಎಷ್ಟು ಕಾಯಬಹುದು ಅಂತ ಡಾಕ್ಟರನ್ನೇ ಕೇಳಿ.

ಕ್ಯಾಪ್ ವಿಷಯದಲ್ಲೂ ಹಾಗೇ. ಜಿರ್ಕೋನಿಯಾ ಅನ್ನುವ ಬಿಳಿ ಪಿಂಗಾಣಿಯಂಥ ವಸ್ತುವಿನದು ಚೆಂದ, ಬೆಲೆ ಜಾಸ್ತಿ. ಲೋಹದ ಮೇಲೆ ಪಿಂಗಾಣಿ ಹಚ್ಚಿದ್ದು ನಡುವಿನದು. ನಕ್ಕಾಗ ಕಾಣದ ಹಿಂದಿನ ದವಡೆಗೆ ಬರೀ ಲೋಹದ ಕ್ಯಾಪ್ ಚೆನ್ನಾಗಿ ಬಾಳಿಕೆ ಬರುತ್ತದೆ, ಬೆಲೆಯೂ ಕಡಿಮೆ. ಕೇಳದಿದ್ದರೆ ಬಹಳ ಕಡೆ ಅದರ ಹೆಸರೇ ಎತ್ತುವುದಿಲ್ಲ.

ಕಿತ್ತು ಬಿಡುವುದು ಎಲ್ಲಕ್ಕಿಂತ ಅಗ್ಗ ಅಂತ ಅನ್ನಿಸುತ್ತದೆ ಅಲ್ವಾ? ಉಳಿಸಬಹುದಾದ ಹಲ್ಲನ್ನು ಕೀಳಿಸಬೇಡಿ. ಪಕ್ಕದ ಹಲ್ಲು ವಾಲುತ್ತದೆ, ಎದುರಿನ ಹಲ್ಲು ಖಾಲಿ ಜಾಗಕ್ಕೆ ಇಳಿಯುತ್ತದೆ. ನಾಲ್ಕು ವರ್ಷದ ಮೇಲೆ ಮೂರು ಹಲ್ಲಿನ ಖರ್ಚು ಬರುತ್ತದೆ.

ಹಂತ 3: ದಂತ ವೈದ್ಯಕೀಯ ಕಾಲೇಜಿಗೆ ಹೋಗಿ

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಉಳಿತಾಯ. ನಮ್ಮ ಮೂರು ಜಿಲ್ಲೆಯವರು ಈ ವಿಷಯದಲ್ಲಿ ಪುಣ್ಯವಂತರು. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಪಿ.ಎಂ.ಎನ್.ಎಂ. ದಂತ ಕಾಲೇಜು ಇದೆ. ಬೆಳಗಾವಿಯ ನೆಹರು ನಗರದಲ್ಲಿ ಕೆಎಲ್‌ಇ ವಿಶ್ವನಾಥ ಕತ್ತಿ ದಂತ ವಿಜ್ಞಾನ ಸಂಸ್ಥೆ ಇದೆ, ಮರಾಠಾ ಮಂಡಳದ ದಂತ ಕಾಲೇಜೂ ಅದೇ ಊರಲ್ಲಿ. ವಿಜಯಪುರದಲ್ಲಿ ಅಥಣಿ ರಸ್ತೆಯ ಅಲ್-ಅಮೀನ್ ದಂತ ಕಾಲೇಜು. ಆಚೆ ಧಾರವಾಡಕ್ಕೆ ಹೋದರೆ ಸತ್ತೂರಿನ ಎಸ್‌ಡಿಎಂ.

ಅಲ್ಲಿ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು. ಮೊದಲು ಒಂದು ವಿಭಾಗದಲ್ಲಿ ಬಾಯಿ ಪೂರ್ತಿ ನೋಡಿ, ಎಕ್ಸ್-ರೇ ತೆಗೆಸಿ, ಯಾವ ಹಲ್ಲಿಗೆ ಯಾವ ವಿಭಾಗ ಅಂತ ಬರೆಯುತ್ತಾರೆ. ರೂಟ್ ಕೆನಾಲ್ ಒಂದು ಕಡೆ, ಕೀಳುವುದು ಇನ್ನೊಂದು ಕಡೆ, ಸೆಟ್ ಕಟ್ಟುವುದು ಮತ್ತೊಂದು ಕಡೆ. ಕೆಲಸ ಮಾಡುವವರು ವಿದ್ಯಾರ್ಥಿಗಳು. ಹಂತ ಹಂತಕ್ಕೂ ಅಧ್ಯಾಪಕರು ಬಂದು ನೋಡಿ ಸಹಿ ಹಾಕಿದ ಮೇಲೆಯೇ ಮುಂದಿನ ಹಂತ. ಅದಕ್ಕೇ ಕ್ಲಿನಿಕ್ಕಿನಲ್ಲಿ ಒಂದು ಗಂಟೆಯ ಕೆಲಸಕ್ಕೆ ಇಲ್ಲಿ ಅರ್ಧ ದಿನ ಹೋಗುತ್ತದೆ.

ವಿದ್ಯಾರ್ಥಿ ಅಂದ ಕೂಡಲೇ ಹೆದರಬೇಡಿ. ದವಡೆ ಹಲ್ಲಿನಲ್ಲಿ ಮೂರು ನಾಲ್ಕು ನಾಳ ಇರುತ್ತವೆ, ಅಂಥ ಕಷ್ಟದ ರೂಟ್ ಕೆನಾಲನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ಹತ್ತಿರ ಮಾಡಿಸಿ ಕೊಡಿ ಅಂತ ಕೇಳಿಕೊಳ್ಳಬಹುದು. ಅವರು ಐದು ವರ್ಷದ ಬಿಡಿಎಸ್ ಮುಗಿಸಿ ಡಾಕ್ಟರಾದ ಮೇಲೆ ಅದೇ ವಿಷಯ ಓದುತ್ತಿರುವವರು. ಹೋಗುವ ಮೊದಲು ಫೋನ್ ಮಾಡಿ, ಪರೀಕ್ಷೆ ಅಥವಾ ರಜೆ ಇದೆಯಾ ವಿಚಾರಿಸಿ. ವಿದ್ಯಾರ್ಥಿಯ ಹೆಸರು, ವಿಭಾಗ ಬರೆದಿಟ್ಟುಕೊಳ್ಳಿ. ಅರ್ಧಕ್ಕೆ ಬಿಟ್ಟು ಬರಬೇಡಿ, ತೆರೆದ ಹಲ್ಲಿಗೆ ತಾತ್ಕಾಲಿಕ ಸಿಮೆಂಟು ಮಾತ್ರ ಇರುತ್ತದೆ.

ಓಡಾಟ ಜಾಸ್ತಿ ಆಗುತ್ತದೆ ಅನ್ನುವುದು ನಿಜ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಉಚಿತ ಇರುವುದರಿಂದ ಆ ಖರ್ಚು ಉಳಿಯುತ್ತದೆ. ಅವ್ವ ಆಧಾರ್ ಕಾರ್ಡು ಹಿಡಿದುಕೊಂಡು ಜಮಖಂಡಿಯಿಂದ ಬಾಗಲಕೋಟೆಗೆ ಆರು ಸಲ ಹೋಗಿ ಬಂದಳು. ನಾಲ್ಕು ಸಲ ಒಬ್ಬಳೇ ಹೋಗಿದ್ದಳು.

ಹಂತ 4: ಸರ್ಕಾರದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ತಾಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಗಳಲ್ಲಿ ದಂತ ವಿಭಾಗ ಇರುತ್ತದೆ. ಕೀಳುವುದು, ತುಂಬುವುದು, ಕ್ಲೀನಿಂಗ್, ಊತಕ್ಕೆ ಔಷಧ ಇವೆಲ್ಲ ಅಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಆಗುತ್ತವೆ. ಮೊದಲ ಗುಂಪಿನ ಕೆಲಸಕ್ಕೆ ಇದೇ ಹತ್ತಿರದ ಬಾಗಿಲು.

ಬಾಯಲ್ಲಿ ಒಂದೂ ಹಲ್ಲಿಲ್ಲದ ಬಿಪಿಎಲ್ ಹಿರಿಯರಿಗೆ ದಂತಭಾಗ್ಯ ಅಂತ ರಾಜ್ಯದ ಯೋಜನೆ ಇದೆ. ಪೂರ್ತಿ ಹಲ್ಲಿನ ಸೆಟ್ ಉಚಿತ. ಮೊದಲು 60 ದಾಟಿದವರಿಗೆ ಮಾತ್ರ ಇತ್ತು, ಆಮೇಲೆ ವಯಸ್ಸಿನ ಮಿತಿ ಇಳಿಸಿದರು. ಸೆಟ್ ಕಟ್ಟುವುದು ದಂತ ಕಾಲೇಜುಗಳಲ್ಲಿ. ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಅಥವಾ ನೇರ ಕಾಲೇಜಿನಲ್ಲಿ ಬಿಪಿಎಲ್ ಕಾರ್ಡು, ಆಧಾರ್ ತೋರಿಸಿ ಕೇಳಿ. ನಮ್ಮ ದೊಡ್ಡವ್ವ ಹೀಗೇ ಮಾಡಿಸಿಕೊಂಡಳು. ಅಚ್ಚು ತೆಗೆಯುವುದು ಎರಡು ಸಲ, ದವಡೆ ಅಳತೆ ಒಂದು ಸಲ, ಮೇಣದ ಮೇಲೆ ಹಲ್ಲು ಜೋಡಿಸಿ ಹಾಕಿ ನೋಡುವುದು ಒಂದು ಸಲ, ಕೊನೆಗೆ ಸೆಟ್ ಕೊಡುವುದು. ಮೇಣದ ಸೆಟ್ ಹಾಕಿದ ದಿನ ನಾನೂ ಜೊತೆಗಿದ್ದೆ. ವಿದ್ಯಾರ್ಥಿನಿ ಕನ್ನಡಿ ಹಿಡಿದು "ಅಜ್ಜಿ, ಸಾಸಿವಿ ಅನ್ರಿ" ಅಂದಳು. ದೊಡ್ಡವ್ವ ಅಂದಳು, ಗಾಳಿ ಸುಂಯ್ ಅಂತ ಹೊರಗೆ ಬಂತು. ಆ ಹುಡುಗಿ ಮುಂದಿನ ಎರಡು ಹಲ್ಲನ್ನು ಬಿಸಿ ಚಾಕುವಿನಿಂದ ಕೂದಲೆಳೆಯಷ್ಟು ಸರಿಸಿ ಮತ್ತೆ ಹಾಕಿದಳು. ಮೂರನೇ ಸಲಕ್ಕೆ 'ಸಾಸಿವಿ' ಸರಿಯಾಗಿ ಬಂತು. ಮೇಣದ ಹಂತದಲ್ಲಿ ಏನು ಬೇಕಾದರೂ ತಿದ್ದಬಹುದು, ಪ್ಲಾಸ್ಟಿಕ್ಕಿಗೆ ಹಾಕಿದ ಮೇಲೆ ಕಷ್ಟ. ಹಲ್ಲಿನ ಬಣ್ಣ, ಗಾತ್ರ, ಮಾತು ಏನೇ ಸರಿ ಅನ್ನಿಸದಿದ್ದರೂ ಅವತ್ತೇ ಹೇಳಿ.

ಇನ್ನು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ 30%ರಂತೆ ವರ್ಷಕ್ಕೆ 1.5 ಲಕ್ಷದವರೆಗೆ. "5 ಲಕ್ಷ ಐತಲ್ರೀ, ಇಂಪ್ಲಾಂಟ್ ಹಾಕಸ್ತೀನಿ" ಅಂತ ಬರುವವರಿಗೆ ಬೇಸರದಿಂದಲೇ ಹೇಳಬೇಕಾಗುತ್ತದೆ: ಇಂಪ್ಲಾಂಟ್, ಕ್ಯಾಪ್, ಬ್ರಿಡ್ಜ್ ಇದರಲ್ಲಿ ಬರುವುದಿಲ್ಲ. ಬರುವುದು ಆಸ್ಪತ್ರೆಯ ಶಸ್ತ್ರಚಿಕಿತ್ಸೆಗಳು. ದವಡೆ ಮುರಿತ, ದವಡೆಯ ಗಡ್ಡೆ, ಬಾಯಿ ತೆರೆಯಲಾಗದಂತೆ ಕೀಲು ಅಂಟಿಕೊಂಡದ್ದು, ಬಾಯಿಯ ಕ್ಯಾನ್ಸರ್ ಇಂಥವು. ತುರ್ತು ಇಲ್ಲದಿದ್ದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ಗುಟ್ಕಾ, ತಂಬಾಕು ಅಭ್ಯಾಸ ಇದ್ದವರ ಬಾಯಲ್ಲಿ ಎರಡು ಮೂರು ವಾರ ಆದರೂ ಮಾಯದ ಹುಣ್ಣು ಇದ್ದರೆ ಇವತ್ತೇ ತೋರಿಸಿ. ಅದರ ಚಿಕಿತ್ಸೆಗೆ ಈ ಯೋಜನೆ ಇದೆ.

ಮಕ್ಕಳಿಗೆ ಬೇರೆ ದಾರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರ್ಕಾರಿ ಶಾಲೆಗೆ ಬರುತ್ತದೆ. ಹುಳುಕು ಹಲ್ಲು, ಸೀಳು ತುಟಿ, ಸೀಳು ಅಂಗಳ ಅವರ ಪಟ್ಟಿಯಲ್ಲಿ ಇವೆ, 18 ವರ್ಷದವರೆಗೆ ಚಿಕಿತ್ಸೆ ಉಚಿತ. ಶಾಲೆಗೆ ತಂಡ ಯಾವಾಗ ಬರುತ್ತದೆ ಅಂತ ಮುಖ್ಯೋಪಾಧ್ಯಾಯರನ್ನು ಕೇಳಿದರೆ ಗೊತ್ತಾಗುತ್ತದೆ.

ಬೈಕಿನಿಂದ ಬಿದ್ದು ಹಲ್ಲು, ದವಡೆ ಮುರಿದರೆ ಮೊದಲು ಆಸ್ಪತ್ರೆಯಲ್ಲಿ ಅಪಘಾತ ಅಂತ ದಾಖಲೆ ಮಾಡಿಸಿ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ನೋಂದಾಯಿತ ಆಸ್ಪತ್ರೆಯಲ್ಲಿ ಮೊದಲ ಏಳು ದಿನಕ್ಕೆ 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ ಇದೆ. ಇನ್ನೊಂದು ವಾಹನದ ತಪ್ಪಿದ್ದರೆ ಪರಿಹಾರದ ಕೇಸಿನಲ್ಲಿ ಹಲ್ಲಿನ ಖರ್ಚನ್ನೂ ಕೇಳಬಹುದು. ಎಲ್ಲ ಬಿಲ್ಲು ಜೋಪಾನ.

ಹಂತ 5: ಕೆಲಸದ ಕಡೆಯಿಂದ, ವಿಮೆಯಿಂದ

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಟ್ಟುತ್ತಿದ್ದರೆ ಹಲ್ಲಿನ ಚಿಕಿತ್ಸೆ ಅದರಲ್ಲಿ ಸಿಗುತ್ತದೆ, ಮನೆಯವರಿಗೂ ಸಿಗುತ್ತದೆ. ಫ್ಯಾಕ್ಟರಿ, ಶೋರೂಮ್, ಆಸ್ಪತ್ರೆಗಳಲ್ಲಿ ದುಡಿಯುವ ಎಷ್ಟೋ ಜನರ ಸಂಬಳದಿಂದ 0.75% ಕಡಿತ ಆಗುತ್ತಿರುತ್ತದೆ. ಅವರಿಗೆ ಗೊತ್ತೇ ಇರುವುದಿಲ್ಲ. ಸಂಬಳದ ಚೀಟಿ ತೆಗೆದು ನೋಡಿ.

ಸರ್ಕಾರಿ ನೌಕರರು ಚಿಕಿತ್ಸೆಗೆ ಮೊದಲೇ ಕಚೇರಿಯಲ್ಲಿ ಯಾವುದಕ್ಕೆ ಮರುಪಾವತಿ ಇದೆ, ಯಾವ ಆಸ್ಪತ್ರೆ ಆಗಬೇಕು ಅಂತ ಕೇಳಿ. ಆಮೇಲೆ ಕೇಳಿದರೆ ಬಿಲ್ಲು ವಾಪಸ್ ಬರುತ್ತದೆ.

ಮಾಮೂಲಿ ಆರೋಗ್ಯ ವಿಮೆಯಲ್ಲಿ ಹಲ್ಲಿನ ಚಿಕಿತ್ಸೆ ಇರುವುದಿಲ್ಲ, ಅಪಘಾತದಿಂದ ಆಸ್ಪತ್ರೆಗೆ ಸೇರಿದ್ದರೆ ಮಾತ್ರ ಉಂಟು. ಹೊರರೋಗಿ ಖರ್ಚು ಸೇರಿಸಿದ ಪಾಲಿಸಿಗಳಲ್ಲಿ ಸ್ವಲ್ಪ ಸಿಗಬಹುದು. ಕಾಯುವ ಅವಧಿ ಎಷ್ಟು, ವರ್ಷಕ್ಕೆ ಮಿತಿ ಎಷ್ಟು ಓದಿ. ಹಲ್ಲು ನೋವು ಶುರು ಆದ ಮೇಲೆ ವಿಮೆ ತಗೊಂಡರೆ ಪ್ರಯೋಜನ ಆಗುವುದು ಕಡಿಮೆ.

ಹಂತ 6: ಕ್ಲಿನಿಕ್ಕಿನಲ್ಲಿ ಬಾಯಿ ಬಿಟ್ಟು ಮಾತಾಡಿ

ನಾಚಿಕೆ ಪಟ್ಟುಕೊಂಡು ಎದ್ದು ಬರುವವರೇ ಹೆಚ್ಚು. ಅವ್ವನೂ ಹಾಗೇ ಮಾಡಿದ್ದಳು. ಎರಡನೇ ಸಲ ನಾನು ಹೇಳಿದ್ದು ಇಷ್ಟು: "ಡಾಕ್ಟರ್, ಈ ತಿಂಗಳು ನಮ್ಮ ಹತ್ತಿರ ಎಂಟು ಸಾವಿರ ಇದೆ. ನೋಯುವ ಹಲ್ಲಿನ ಕೆಲಸ ಮೊದಲು ಮಾಡಿ. ಕ್ಯಾಪ್ ಕಬ್ಬಿನ ಬಿಲ್ಲು ಬಂದ ಮೇಲೆ ಮಾಡಿಸುತ್ತೇವೆ. ಅಲ್ಲಿವರೆಗೆ ಹಲ್ಲು ಹೇಗೆ ಕಾಪಾಡಬೇಕು ಹೇಳಿ." ಅವರು ಒಪ್ಪಿದರು. ತಾತ್ಕಾಲಿಕವಾಗಿ ಗಟ್ಟಿ ಸಿಮೆಂಟು ತುಂಬಿ, ಆ ಕಡೆಯಿಂದ ಅಗಿಯಬೇಡಿ ಅಂದರು.

ನಮ್ಮ ಕಡೆ ದುಡ್ಡು ಬರುವುದು ಹಂಗಾಮಿಗೆ. ಕಬ್ಬಿನವರಿಗೆ ಕಾರ್ಖಾನೆ ಬಿಲ್ಲು, ವಿಜಯಪುರದವರಿಗೆ ಒಣದ್ರಾಕ್ಷಿ ಮಾರಿದ ಮೇಲೆ, ಬನಹಟ್ಟಿ ನೇಕಾರರಿಗೆ ಸೀರೆ ಸಾಗಿದಾಗ. ಚಿಕಿತ್ಸೆಯನ್ನೂ ಅದಕ್ಕೆ ಹೊಂದಿಸಬಹುದು. ಇಂಪ್ಲಾಂಟ್ ಅಂತೂ ತಾನಾಗಿಯೇ ಎರಡು ಕಂತಿನ ಕೆಲಸ. ಮೊದಲು ಎಲುಬಿನಲ್ಲಿ ಸ್ಕ್ರೂ ಕೂರಿಸುತ್ತಾರೆ. ಎಲುಬು ಅದನ್ನು ಹಿಡಿಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಮೇಲಿನ ಹಲ್ಲು ಆಮೇಲೆ. ದುಡ್ಡನ್ನೂ ಹಾಗೇ ಕೊಡುತ್ತೇನೆ ಅನ್ನಿ. ಪೂರ್ತಿ ಹಣ ಮುಂಗಡ ಕೊಡಬೇಡಿ.

ಪ್ರತಿ ಸಲ ರಸೀದಿ ತಗೊಳ್ಳಿ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಬರೀ ಅಂದಕ್ಕೆ ಮಾಡಿಸುವ ಕೆಲಸಕ್ಕೆ ಇದೆ. ರೂಟ್ ಕೆನಾಲ್ ಬಿಲ್ಲಿಗೆ ಜಿಎಸ್‌ಟಿ ಸೇರಿಸಿದ್ದರೆ ಯಾಕೆ ಅಂತ ಕೇಳಿ.

ಹಂತ 7: ಇಷ್ಟೆಲ್ಲ ಆಗಿ ಇನ್ನೂ ಕಡಿಮೆ ಬಿದ್ದರೆ ಸಾಲ

ಮೊದಲು ಬಡ್ಡಿ ಇಲ್ಲದ ದುಡ್ಡು ನೋಡಿ. ಓಣಿಯ ಭಿಶಿಯಲ್ಲಿ (ತಿಂಗಳಿಗೆ ಇಷ್ಟು ಅಂತ ಕೂಡಿಸಿ ಪಾಳಿ ಪ್ರಕಾರ ಒಬ್ಬೊಬ್ಬರು ತೆಗೆದುಕೊಳ್ಳುವ ಚೀಟಿ ಗುಂಪು) ಇದ್ದರೆ ಈ ಸಲದ ಪಾಳಿ ನನಗೆ ಕೊಡಿ ಅಂತ ಕೇಳಬಹುದು, ದವಾಖಾನೆ ಅಂದರೆ ಹೆಣ್ಣುಮಕ್ಕಳು ಇಲ್ಲ ಅನ್ನುವುದು ಅಪರೂಪ. ಅವ್ವ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಐದು ತಿಂಗಳು ಮುಟ್ಟದೆ ಇಟ್ಟು ಸೆಟ್ಟಿನ ದುಡ್ಡು ಕೂಡಿಸಿದಳು. ಆಮೇಲೆ ಸ್ವಸಹಾಯ ಸಂಘದ ಒಳಸಾಲ. ಅದೂ ಸಾಲದಿದ್ದರೆ ಬ್ಯಾಂಕು ಅಥವಾ ಸಹಕಾರಿಯ ಬಂಗಾರದ ಸಾಲ. ಬಡ್ಡಿ ಕಡಿಮೆ, ಅವತ್ತೇ ಸಿಗುತ್ತದೆ. ಬಿಡಿಸಿಕೊಳ್ಳುವ ತಾರೀಖು ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಕ್ಲಿನಿಕ್ಕಿನಲ್ಲೇ 'ಬಡ್ಡಿ ಇಲ್ಲದ ಇಎಂಐ' ಅಂತ ಹೇಳಿದರೆ ಒಂದು ಪ್ರಶ್ನೆ ಕೇಳಿ: ಒಂದೇ ಸಲ ಕೊಟ್ಟರೆ ಎಷ್ಟು? ಇಎಂಐಗೆ 60,000, ನಗದಿಗೆ 54,000 ಅಂದರೆ ಆ 6,000 ರೂಪಾಯಿಯೇ ಬಡ್ಡಿ. ತಿಂಗಳಿಗೆ 5,000ದಂತೆ ಹನ್ನೆರಡು ಕಂತು ಕಟ್ಟಿದರೆ ಅದು ವರ್ಷಕ್ಕೆ ಹತ್ತಿರ ಹತ್ತಿರ 20% ಬಡ್ಡಿ ಆಗುತ್ತದೆ. ಮೇಲೆ ಪ್ರೊಸೆಸಿಂಗ್ ಫೀ ಬೇರೆ. 'ಫ್ಲ್ಯಾಟ್ 12%' ಅನ್ನುವುದೂ ಇಂಥದ್ದೇ. ಅಸಲು ತೀರುತ್ತಾ ಬಂದರೂ ಪೂರ್ತಿ ಅಸಲಿನ ಮೇಲೆ ಬಡ್ಡಿ ಹಾಕುತ್ತಾರೆ, ನಿಜವಾದ ದರ 21% ದಾಟುತ್ತದೆ. 2024ರ ಅಕ್ಟೋಬರ್‌ನಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಇಂಥ ಸಾಲಕ್ಕೆ ಒಂದು ಮುಖ್ಯ ಮಾಹಿತಿ ಪತ್ರ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಅದರಲ್ಲಿ ಇರುತ್ತದೆ. ಸಹಿಗೆ ಮೊದಲು ಆ ಪತ್ರ ಕೇಳಿ ಓದಿ. ಚಿಕಿತ್ಸೆ ಅರ್ಧಕ್ಕೆ ನಿಂತರೆ ಇಎಂಐ ಏನಾಗುತ್ತದೆ ಅಂತಲೂ ಬರೆಸಿಕೊಳ್ಳಿ. ಫೈನಾನ್ಸ್ ಕಂಪನಿ ಪೂರ್ತಿ ಹಣ ಕ್ಲಿನಿಕ್ಕಿಗೆ ಕೊಟ್ಟಿರುತ್ತದೆ, ಕಂತು ನಿಮ್ಮ ಖಾತೆಯಿಂದ ಹೋಗುತ್ತಲೇ ಇರುತ್ತದೆ.

ನೂರಕ್ಕೆ ಐದರ ಕೈಸಾಲ ಬೇಡ. ತಿಂಗಳಿಗೆ ಐದು ಅಂದರೆ ವರ್ಷಕ್ಕೆ 60%. ಹೊಲ, ಮನೆ ಪತ್ರ ಇಟ್ಟು ಹಲ್ಲು ಮಾಡಿಸಬೇಡಿ. ಮೊಬೈಲ್ ಆ್ಯಪ್‌ನಲ್ಲಿ ಐದು ನಿಮಿಷಕ್ಕೆ ಬರುವ ಸಾಲಕ್ಕೂ ಕೈ ಹಾಕಬೇಡಿ. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಕೂತು ಹಲ್ಲು ಕಟ್ಟುವವರ ಹತ್ತಿರ ಹೋಗಲೇಬೇಡಿ. ಅವರು ಪಕ್ಕದ ಒಳ್ಳೆಯ ಹಲ್ಲಿಗೆ ಪ್ಲಾಸ್ಟಿಕ್ ಹಲ್ಲನ್ನು ಅಂಟಿಸಿಬಿಡುತ್ತಾರೆ. ಅದರ ಅಡಿಯಲ್ಲಿ ಕೂಳು ಕೂತು ವಸಡು ಕೊಳೆತು, ಒಂದರ ಬದಲು ಮೂರು ಹಲ್ಲು ಕೀಳಿಸಿಕೊಂಡವರನ್ನು ನಾನು ನೋಡಿದ್ದೇನೆ. ಯಾವ ಡಾಕ್ಟರೇ ಆಗಲಿ, ಕರ್ನಾಟಕ ರಾಜ್ಯ ದಂತ ವೈದ್ಯ ಪರಿಷತ್ತಿನ ನೋಂದಣಿ ಇರಬೇಕು.

ಕೆಲಸ ಮುಗಿದ ಮೇಲೆ

ಒಂದು ಪ್ಲಾಸ್ಟಿಕ್ ಚೀಲದಲ್ಲಿ ಪಟ್ಟಿ, ಎಕ್ಸ್-ರೇ, ರಸೀದಿ, ಕ್ಯಾಪ್ ಅಥವಾ ಇಂಪ್ಲಾಂಟಿನ ವಾರಂಟಿ ಕಾರ್ಡು ಒಟ್ಟಿಗೆ ಇಡಿ. ಮನೆಯಲ್ಲಿ 60 ದಾಟಿದವರಿಗೆ ಆರೋಗ್ಯ ವಿಮೆ ಇಲ್ಲದೆ, ನೀವು ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಾದರೆ ಅವರ ಚಿಕಿತ್ಸೆಗೆ ನಗದು ಬಿಟ್ಟು ಬೇರೆ ರೀತಿಯಲ್ಲಿ ಕೊಟ್ಟ ಹಣಕ್ಕೆ ವರ್ಷಕ್ಕೆ 50,000ವರೆಗೆ ವಿನಾಯಿತಿ ಕೇಳಬಹುದು. ಆದ್ದರಿಂದ ಫೋನ್‌ಪೇ, ಗೂಗಲ್‌ಪೇ, ಚೆಕ್ಕಿನಲ್ಲಿ ಕೊಡಿ.

ಹೊಸ ಸೆಟ್ ಮೊದಲ ವಾರ ಚುಚ್ಚುತ್ತದೆ. ಸುಮ್ನೆ ಡಬ್ಬಿಯಲ್ಲಿ ಹಾಕಿ ಅಟ್ಟಕ್ಕೆ ಇಡಬೇಡಿ, ಮನೆಯಲ್ಲಿ ಕಾನಸು ಹಿಡಿದು ತಿಕ್ಕಲೂ ಬೇಡಿ. ಎಲ್ಲಿ ಚುಚ್ಚುತ್ತದೆ ಅಂತ ಗೊತ್ತಾಗಲು ತೋರಿಸುವ ದಿನ ಬೆಳಿಗ್ಗೆ ಹಾಕಿಕೊಂಡೇ ಹೋಗಿ, ಅವರು ಅಲ್ಲಿಷ್ಟು ತೇಯ್ದು ಕೊಡುತ್ತಾರೆ. ರಾತ್ರಿ ತೆಗೆದು ನೀರಲ್ಲಿ ಇಡಿ. ದೊಡ್ಡವ್ವ ಮೊದಲ ಹದಿನೈದು ದಿನ ಅಂಬಲಿ, ಮೆತ್ತನೆ ಅನ್ನ ಉಂಡಳು. ಆಮೇಲೆ ಬಿಸಿ ರೊಟ್ಟಿಯನ್ನು ಸಾರಿನಲ್ಲಿ ಅದ್ದಿ, ಎರಡೂ ಕಡೆ ಸಮವಾಗಿ ಅಗಿಯುವುದು ಕಲಿತಳು. ಕಡಕ್ ರೊಟ್ಟಿಗೆ ಎರಡು ತಿಂಗಳು ಬೇಕಾಯಿತು.